ಮೂವತ್ತನೆಯ ಹೆಸರು

ನಮ್ಮ ಊರಿನಲ್ಲಿ ಯಾರು ಏನನ್ನು ಮಾರಲು ಕೂತರೂ ಅದು ಅವರ ಪಾಲಿಗೆ ಇಲ್ಲವಾಗುತ್ತದೆ. ಬೋರ್ಡು ಏರಿಸಿದ ದಿನದಿಂದಲೇ ಶುರು. ಪೇಟೆಯಲ್ಲಿ ಮಿಠಾಯಿ ಮಾಡುವ ಗದಿಗೆಯ್ಯನಿಗೆ ಇಪ್ಪತ್ತೆರಡು ವರ್ಷದಿಂದ ಸಿಹಿ ಗೊತ್ತಾಗುವುದಿಲ್ಲ. ಪಾಕ ನೋಡಲು ಅವನ ಹೆಂಡತಿ ಒಲೆಯ ಪಕ್ಕದಲ್ಲೇ ಕೂತಿರುತ್ತಾಳೆ. ಕೊಡೆ ಮಾರುವ ಬುಡನ್‌ಸಾಬರು ಎಂಥ ಕೊಡೆ ಹಿಡಿದು ಹೊರಟರೂ ತೊಯ್ದೇ ಬರುತ್ತಾರೆ. ಅವರ ಅಂಗಡಿಯೊಳಗೆ ಮಳೆಗಾಲ ಪೂರ್ತಿ ಒಂದು ಅಂಗಿ ಹಗ್ಗದ ಮೇಲೆ ಒಣಗುತ್ತಿರುತ್ತದೆ. ಗಾದಿ ಹೊಲಿಯುವ ಮೂವರು ಅಣ್ಣತಮ್ಮಂದಿರು ನಾಲ್ಕು ವರ್ಷಕ್ಕೊಮ್ಮೆ ಪರವಾನಗಿಯನ್ನು ಒಬ್ಬರಿಂದ ಒಬ್ಬರಿಗೆ ಬದಲಾಯಿಸಿಕೊಂಡು, ಸರದಿಯ ಮೇಲೆ ನಿದ್ದೆ ಕಳೆದುಕೊಳ್ಳುತ್ತಾರೆ. ಇದಕ್ಕಾಗಿ ಯಾರೂ ಅತ್ತವರಿಲ್ಲ. ಸಿಹಿ ಸೇರದವನು ಮಿಠಾಯಿ ಅಂಗಡಿ ಹಾಕುತ್ತಾನೆ, ಹುಟ್ಟಿನಿಂದ ವಾಸನೆ ತಿಳಿಯದವಳು ಹೂವು ಮಾರುತ್ತಾಳೆ. ಅಷ್ಟೂ ಹೊಂದಿಕೆಯಾಗದಿದ್ದರೆ ಸಂಬಳದ ಕೆಲಸ ಹುಡುಕಿಕೊಳ್ಳುತ್ತಾರೆ. ಸಂಬಳಕ್ಕೆ ದುಡಿಯುವವರಿಗೆ ಇದು ತಾಕುವುದಿಲ್ಲ.

ನಾನು ಸಂಬಳಕ್ಕೆ ಸೇರಿದ್ದು ಅದೇ ಕಾರಣಕ್ಕೆ. ನನ್ನ ಅಪ್ಪ ಬಸ್‌ಸ್ಟ್ಯಾಂಡಿನ ಎದುರು ಫೋಟೋ ಸ್ಟುಡಿಯೋ ಇಟ್ಟಿದ್ದರು. ಊರಿನ ಅರ್ಧಕ್ಕರ್ಧ ಜನರ ಮದುವೆ, ನಾಮಕರಣ ಎಲ್ಲ ಅವರೇ ತೆಗೆದವು. ಆದರೆ ಕಾಗದದ ಮೇಲೆ ಬಿದ್ದ ಮುಖ ಯಾರದೆಂದು ಅವರಿಗೆ ತಿಳಿಯುತ್ತಿರಲಿಲ್ಲ. ನನ್ನ ಮದುವೆಯ ಆಲ್ಬಮ್ಮನ್ನು ತೊಡೆಯ ಮೇಲಿಟ್ಟುಕೊಂಡು, ‘ಹುಡುಗಿ ಲಕ್ಷಣ ಅದಾಳ, ಯಾರ ಮಗಳು?’ ಎಂದು ನನ್ನನ್ನೇ ಕೇಳಿದರು. ಆವತ್ತು ನಾನು ನಕ್ಕಿದ್ದೆ. ಅವರು ಹೋದ ಮೇಲೆ ಸ್ಟುಡಿಯೋ ಮುಚ್ಚಿಸಿ, ನಗರಸಭೆಯ ಉದ್ಯಮ ನೆರವು ಕೇಂದ್ರದಲ್ಲಿ ಅಧಿಕಾರಿಯಾದೆ. ಹೊಸದಾಗಿ ಉದ್ಯಮ ಶುರು ಮಾಡುವವರಿಗೆ ಜಾಗ, ಕರೆಂಟು, ಕಾಗದಪತ್ರ ಒದಗಿಸುವುದು ನನ್ನ ಕೆಲಸ. ಅದಕ್ಕಿಂತ ಮುಖ್ಯವಾದದ್ದು ಅರ್ಜಿಯ ಏಳನೆಯ ಕಾಲಂ ತುಂಬಿಸುವುದು. ‘ಬಿಟ್ಟುಕೊಡಲು ಒಪ್ಪಿರುವುದು’ ಎಂದು ಅದರ ತಲೆಬರಹ. ಹಳೆಯ ಕಸುಬುಗಳಾದರೆ ಏನು ಹೋಗುತ್ತದೆ ಎಂಬುದು ಎಲ್ಲರಿಗೂ ಗೊತ್ತು. ಹೊಸ ಕಸುಬುಗಳಿಗೆ ಅಂದಾಜು ಮಾಡಬೇಕು. ಹದಿನಾರು ವರ್ಷದಲ್ಲಿ ನನ್ನ ಅಂದಾಜು ಬಹಳ ಸಲ ಸರಿಯಾಗಿತ್ತು. ಹಾಗಾಗಿ ಜನ ನನ್ನ ಮಾತು ನಂಬುತ್ತಿದ್ದರು. ಕಥೆಯ ಉಳಿದದ್ದೆಲ್ಲ ಈ ನಂಬಿಕೆಯಿಂದ ಆದದ್ದು.

ಆ ವರ್ಷ ಊರು ಬೆಳೆಯುತ್ತಿತ್ತು. ಹೊರವರ್ತುಲ ರಸ್ತೆ ಬಂತು, ಎರೆಹೊಲಗಳಲ್ಲಿ ಬಡಾವಣೆಗಳೆದ್ದವು, ಎಲ್ಲಿಂದಲೋ ಜನ ಬಂದು ಸೇರಿದರು. ನಮ್ಮ ಆಯುಕ್ತರು ಬೇರೆ ಊರಿನವರು, ಚುರುಕು ಮನುಷ್ಯ. ಒಂದು ವರ್ಷದಲ್ಲಿ ನೂರು ಹೊಸ ಉದ್ಯಮಗಳು, ಅದರಲ್ಲಿ ಮೂವತ್ತು ಹೆಣ್ಣುಮಕ್ಕಳವು, ಎಲ್ಲವೂ ಸ್ಥಳೀಯರವೇ ಆಗಿರಬೇಕು ಎಂದು ಮೇಲಿನವರಿಗೆ ಮಾತು ಕೊಟ್ಟು ಬಂದಿದ್ದರು. ನೂರರ ಪಟ್ಟಿ ಬೇಗ ತುಂಬಿತು. ಮೂವತ್ತರದ್ದು ತುಂಬಲಿಲ್ಲ. ಈ ಊರಿನ ಹೆಂಗಸರು ತಮ್ಮ ಹೆಸರಿನಲ್ಲಿ ಬೋರ್ಡು ಹಾಕಲು ಹಿಂದೆಮುಂದೆ ನೋಡುತ್ತಾರೆ; ಮನೆಯಲ್ಲಿ ಎಲ್ಲರಿಗೂ ಬೇಕಾದದ್ದು ಅವರಿಂದಲೇ ಹೋಗಿಬಿಟ್ಟರೆ ಗತಿ ಏನು ಎಂಬ ಹೆದರಿಕೆ. ಫೆಬ್ರುವರಿಗೆ ಇಪ್ಪತ್ತೊಂಬತ್ತರಲ್ಲಿ ನಿಂತಿತ್ತು.

ಕಸ್ತೂರಿ ಬಡಿಗೇರ ನನ್ನ ಎದುರು ಬಂದು ಕೂತದ್ದು ಆಗ. ಮೂವತ್ತೈದರ ಆಸುಪಾಸಿನ ಹೆಣ್ಣುಮಗಳು, ಬಿಸಿಲಿಗೆ ಕಂದಿದ ಮುಖ, ಕಾಲಲ್ಲಿ ಗಂಡಸರ ಚಪ್ಪಲಿ. ಹತ್ತು ವರ್ಷ ಸೈಕಲ್ಲಿನ ಮೇಲೆ ಪಾರ್ಸಲ್ ಹಂಚಿದವಳು. ಜೊತೆಗೆ ಇರ್ಫಾನ್ ನದಾಫ್ ಎಂಬ ತೆಳ್ಳಗಿನ ತರುಣ. ಫೋನಿನ ತಂತ್ರಾಂಶ ಬರೆಯುವವನು, ಊರಿಗೆ ಹೊಸಬ, ಲಾಡ್ಜಿನ ಕೋಣೆಯಲ್ಲಿ ಒಬ್ಬನೇ ಇದ್ದ.

“ಮೇಡಮ್ಮಾರ, ನಾವು ಮನಿ ಹುಡುಕಿಕೊಡೂ ಕಂಪನಿ ತೆಗಿಬೇಕಂತ ಮಾಡೇವ್ರಿ,” ಎಂದಳು ಕಸ್ತೂರಿ.

“ಬಾಡಿಗಿ ಮನಿನೇನು?”

“ಬಾಡಿಗಿ ಮನಿ ಅಲ್ರಿ. ಇದ್ದ ಮನಿ. ಊರಾಗ ಎಲ್ಲಾರ ಮನಿನೂ ಅದಾವ. ಹುಡುಕಿಕೊಂಡು ಹೋದವರಿಗೆ ಮಾತ್ರ ಸಿಗವಲ್ಲವು.”

ಅವಳು ಹೇಳಿದ್ದು ನಿಜ. ಹಳೇ ನಂಬರು, ನಗರಸಭೆಯ ನಂಬರು, ಹೊಸ ಸಮೀಕ್ಷೆಯ ನಂಬರು ಎಂದು ಪ್ರತಿ ಬಾಗಿಲಿಗೂ ಮೂರು ನಂಬರು. ಒಂದೇ ಹೆಸರಿನ ನಾಲ್ಕು ಅಡ್ಡರಸ್ತೆ. ಎರಡು ವರ್ಷದ ಹಿಂದೆ ಒಂದು ಮಧ್ಯಾಹ್ನ ಅವಳ ಗಂಡ ವಿರೂಪಾಕ್ಷ ಮನೆಯಲ್ಲಿ ಎದೆ ಹಿಡಿದುಕೊಂಡು ಬಿದ್ದ. ಆಂಬುಲೆನ್ಸು ನಲವತ್ತೊಂದನೇ ನಂಬರನ್ನು ಹುಡುಕುತ್ತ ಮೂರು ಓಣಿ ಸುತ್ತಿತು. ಆಗ ಕಸ್ತೂರಿ ಪಾರ್ಸಲ್ ಹಂಚುತ್ತ ರಸ್ತೆಯಲ್ಲೇ ಇದ್ದಳು.

“ನನ್ನ ಮುಂದನ ಎರಡ ಸಲ ಹೋತ್ರಿ ಆ ಗಾಡಿ,” ಎಂದಳು. ದನಿಯಲ್ಲಿ ಏನೂ ಇರಲಿಲ್ಲ. “ನಿಲ್ಲಿಸಿ ಕೇಳಿದ್ದರ ಹೇಳತಿದ್ದೆ. ಯಾರ ಮನಿಗೆ ಹೊಂಟೈತಿ ಪಾಪ, ಅಂತ ನಾನೂ ಬಾಜೂಕ ಸರದು ದಾರಿ ಬಿಟ್ಟೆ.”

ಆಮೇಲೆ ಅವಳೂ ಇರ್ಫಾನನೂ ಸೇರಿ ಹದಿನಾಲ್ಕು ತಿಂಗಳು ಊರನ್ನು ಕಾಲಲ್ಲಿ ಅಳೆದಿದ್ದರು. ಅವಳು ಪ್ರತಿ ಬಾಗಿಲಿನ ಎದುರು ನಿಂತು ಜನ ಆ ಮನೆಗೆ ಏನೆನ್ನುತ್ತಾರೆ ಎಂದು ಹೇಳುತ್ತಿದ್ದಳು: ಮುರುಕು ನೀರಿನ ಹೌದಿನ ಹಿಂದಿನದು, ಬೇವಿನಗಿಡದ ಮಾಸ್ತರ ಮನೆ, ಮೊದಲು ಹಿಟ್ಟಿನ ಗಿರಣಿ ಇದ್ದದ್ದು. ಅವನು ಅದನ್ನೆಲ್ಲ ಫೋನಿಗೆ ಕಲಿಸಿದ್ದ. ಹೇಗೆ ಕೇಳಿದರೂ, ಯಾವ ನಂಬರು ಹೇಳಿದರೂ, ಅದು ಬಾಗಿಲಿನವರೆಗೆ ಕರೆದುಕೊಂಡು ಹೋಗುತ್ತಿತ್ತು. ನಾನು ಪರೀಕ್ಷಿಸಿ ನೋಡಿದೆ. ನನ್ನ ಚಿಕ್ಕಮ್ಮನ ಮನೆಗೆ ನನಗೇ ಗೊತ್ತಿಲ್ಲದ ಒಂದು ಸಂದಿಯಿಂದ ಐದು ನಿಮಿಷದಲ್ಲಿ ಮುಟ್ಟಿಸಿತು.

ಪರವಾನಗಿ ಯಾರ ಹೆಸರಿನಲ್ಲಿ ಎಂದು ಕೇಳಿದೆ. “ನಂದೇ ಬರೀರಿ ಮೇಡಂ,” ಎಂದ ಇರ್ಫಾನ್. “ಹೋದರ ನನಗ ಲಾಡ್ಜಿನ ದಾರಿ ಮರೀಬಹುದು, ಅಷ್ಟೇ. ಕಸ್ತೂರಕ್ಕಗ ಮಗಳದಾಳ.”

ಅರ್ಜಿ ನನ್ನ ಕೈಯಲ್ಲಿತ್ತು. ಅವನ ಹೆಸರು ಬರೆದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ನಾನು ಪೆನ್ನು ಕೆಳಗಿಟ್ಟು, ಹೆಣ್ಣುಮಕ್ಕಳ ಯೋಜನೆಯಲ್ಲಿ ಬಂದರೆ ವರ್ತುಲ ರಸ್ತೆಯ ಹೊಸ ಕಟ್ಟಡದಲ್ಲಿ ಎರಡು ಕೋಣೆ ತಕ್ಷಣ ಸಿಗುತ್ತವೆ, ಆಂಬುಲೆನ್ಸಿನವರ ಜೊತೆ ಒಪ್ಪಂದವನ್ನು ಆಯುಕ್ತರೇ ಮಾಡಿಸಿಕೊಡುತ್ತಾರೆ, ಇಲ್ಲದಿದ್ದರೆ ಇನ್ನೊಂದು ವರ್ಷ ಕಾಯಬೇಕಾದೀತು ಎಂದೆ. ಅದು ಸುಳ್ಳಲ್ಲ. ಕಸ್ತೂರಿ ಕೇಳಿದಳು:

“ನನ್ನಿಂದ ಏನ್ ಹೋಗತೈತ್ರಿ?”

“ದಾರಿ,” ಎಂದೆ. “ಓಣಿ, ಅಡ್ಡರಸ್ತೆ, ಎಡ ಬಲ. ಯಾರರ ಜೋಡಿ ಇದ್ದರ ನಡೀತೈತಿ.”

“ನನ್ನ ಮನಿ?”

“ಮನಿ ಹೆಂಗ ಹೋಗತೈತಿ ಕಸ್ತೂರಿ? ಮನಿ ದಾರಿ ಅಲ್ಲಲಾ.”

ಅದು ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಎಂಬುದು ಮಾತ್ರ ಆಗಲೂ ಚೆನ್ನಾಗಿ ಗೊತ್ತಿತ್ತು. ಅವಳು ಸ್ವಲ್ಪ ಹೊತ್ತು ನನ್ನ ಮೇಜನ್ನು ನೋಡುತ್ತ ಕೂತು, ಆಮೇಲೆ ರುಜು ಹಾಕಿದಳು. ಏಳನೆಯ ಕಾಲಮಿನಲ್ಲಿ ನಾನು ‘ದಾರಿ’ ಎಂದು ಬರೆದೆ.

ಮಾರ್ಚಿ ಹತ್ತರಂದು ಬೋರ್ಡು ಏರಿತು. ‘ಮನೆಮುಟ್ಟ’, ಅಂದರೆ ಮನೆಯ ತನಕ, ಎಂದು ಹೆಸರು, ಕೆಳಗೆ ಅವಳ ಹೆಸರು. ಆಯುಕ್ತರು ಟೇಪು ಕತ್ತರಿಸಿ, ಬೆಳೆಯುವ ಊರಿಗೆ ಇಂಥ ಊರಮಕ್ಕಳೇ ಆಧಾರ ಎಂದು ಮಾತಾಡಿದರು. ಮೂವತ್ತು ತುಂಬಿತು ಎಂದು ನನ್ನ ಬೆನ್ನು ತಟ್ಟಿದರು. ಮಧ್ಯಾಹ್ನದ ಹೊತ್ತಿಗೆ ಎರಡು ಸಾವಿರ ಜನ ಫೋನಿನಲ್ಲಿ ದಾರಿ ಕೇಳಿದ್ದರು. ಸಂಜೆ ಐದಕ್ಕೆ ಆಂಬುಲೆನ್ಸೊಂದು ಹೂಗಾರ ಓಣಿಗೆ ಏಳು ನಿಮಿಷದಲ್ಲಿ ಹೋಗಿ ಒಬ್ಬ ಅಜ್ಜನನ್ನು ಎತ್ತಿಕೊಂಡು ಬಂತು, ಅಜ್ಜ ಉಳಿದ. ಕಸ್ತೂರಿ ಸೆರಗಿನಲ್ಲಿ ಮುಖ ಒರೆಸಿಕೊಂಡು, ಮನೆಗೆ ಹೋಗಿ ಬರುತ್ತೇನೆ ಎಂದು ಮೆಟ್ಟಿಲಿಳಿದಳು. ಕೆಳಗೆ ನಿಂತು ಎಡಕ್ಕೆ ನೋಡಿದಳು, ಬಲಕ್ಕೆ ನೋಡಿದಳು. ಆಮೇಲೆ ಅಲ್ಲೇ ಮೆಟ್ಟಿಲ ಮೇಲೆ ಕೂತು, ತನ್ನ ಫೋನು ತೆಗೆದು ಕೇಳಿದಳು. ಪರದೆ ಖಾಲಿಯಾಗಿತ್ತು. ಇರ್ಫಾನನ ಫೋನಿನಲ್ಲಿ ಅದೇ ಪ್ರಶ್ನೆಗೆ ದಾರಿ ಬರುತ್ತಿತ್ತು. ಅವಳು ಇಣುಕಿದರೆ ಅಳಿಸಿಹೋಗುತ್ತಿತ್ತು. ಕೊನೆಗೆ ಮಗಳಿಗೆ ಹೇಳಿ ಕಳಿಸಿದರು.

ಮಗಳ ಹೆಸರು ಶಿವಲೀಲಾ, ಎಂಟನೇ ಇಯತ್ತೆ. ಮೊದಮೊದಲು ಎಲ್ಲ ನಾನಂದಂತೆಯೇ ನಡೆಯಿತು. ಹುಡುಗಿ ಬೆಳಿಗ್ಗೆ ಶಾಲೆಗೆ ಹೋಗುವಾಗ ತಾಯಿಯನ್ನು ಆಫೀಸಿಗೆ ಬಿಡುತ್ತಿದ್ದಳು, ಸಂಜೆ ಕರೆದೊಯ್ಯುತ್ತಿದ್ದಳು. ಅಲ್ಲೇ ಒಂದು ಮೂಲೆಯಲ್ಲಿ ಕೂತು ಓದಿಕೊಳ್ಳುತ್ತಿದ್ದಳು, ಕಸ್ತೂರಿ ಅವಳ ಜಡೆ ಹಾಕುತ್ತ ಲೆಕ್ಕ ಹೇಳಿಕೊಡುತ್ತಿದ್ದಳು. ‘ಮನೆಮುಟ್ಟ’ ಮಾತ್ರ ಯಾರೂ ಎಣಿಸದಷ್ಟು ಬೆಳೆಯಿತು. ಅಂಚೆಯವರು, ಗ್ಯಾಸಿನವರು, ಹೆಣ್ಣು ನೋಡಲು ಬಂದ ಪರವೂರಿನವರು, ಎಲ್ಲರೂ ಅದನ್ನೇ ಕೇಳುವವರಾದರು. ಆರು ಜನ ಹುಡುಗಿಯರಿಗೆ ಕೆಲಸ ಸಿಕ್ಕಿತು. ಆಯುಕ್ತರು ಹೊರಗಿನಿಂದ ಬಂದವರಿಗೆಲ್ಲ ಅದನ್ನು ತೋರಿಸುತ್ತಿದ್ದರು. ಆಂಬುಲೆನ್ಸಿನವರು ಅವಳ ಆಫೀಸಿನ ಗೋಡೆಗೆ ಒಂದು ಹಲಗೆ ಕಟ್ಟಿ, ವೇಳೆಗೆ ಸರಿಯಾಗಿ ಮುಟ್ಟಿದ ಮನೆಗಳ ಹೆಸರನ್ನು ಸೀಮೆಸುಣ್ಣದಲ್ಲಿ ಬರೆಯುತ್ತಿದ್ದರು. ಕಸ್ತೂರಿ ದಿನವೂ ಬಂದ ಕೂಡಲೇ ಆ ಹಲಗೆ ಓದುತ್ತಿದ್ದಳು.

ಮೇ ತಿಂಗಳಲ್ಲಿ ಶಿವಲೀಲಾ ಒಬ್ಬಳೇ ನನ್ನ ಕಚೇರಿಗೆ ಬಂದಳು. ಬೆವರಿದ್ದಳು, ನೀರು ಕೊಟ್ಟರೆ ಕುಡಿಯಲಿಲ್ಲ.

“ಒಮ್ಮೆ ಮನಿಗೆ ಬಂದು ನೋಡ್ರಿ ಮೇಡಂ,” ಎಂದಳು. “ಏನಂತ ನಾ ಹೇಳಿದರ ನೀವು ನಂಬೂದಿಲ್ಲ.”

ಅವತ್ತೇ ಸಂಜೆ ಅವರಿಬ್ಬರ ಜೊತೆ ನಡೆದೆ. ದಾರಿಯುದ್ದಕ್ಕೂ ಕಸ್ತೂರಿ ಲವಲವಿಕೆಯಿಂದ ಮಾತಾಡುತ್ತಿದ್ದಳು. ನಲವತ್ತೊಂದನೇ ನಂಬರಿನ ಎದುರು ನಿಂತದ್ದೇ ಅವಳ ನಿಲುವೇ ಬೇರೆಯಾಯಿತು. ಚಪ್ಪಲಿಯನ್ನು ಕಟ್ಟೆಯ ಕೆಳಗೇ ಬಿಟ್ಟು, ಸೆರಗು ಸರಿಮಾಡಿಕೊಂಡು, ಬಾಗಿಲು ತಟ್ಟಿ ಒಂದು ಹೆಜ್ಜೆ ಹಿಂದೆ ಸರಿದು ನಿಂತಳು. ಹತ್ತು ವರ್ಷ ಪಾರ್ಸಲ್ ಕೊಟ್ಟವಳು ನಿಲ್ಲುವ ರೀತಿ ಅದು. ಒಳಗಿನಿಂದ ಯಾರಾದರೂ ಬಂದು ರುಜು ಹಾಕಬೇಕು ಎನ್ನುವಂತೆ ಕಾಯುತ್ತಿದ್ದಳು.

“ಒಳಗ ಯಾರೂ ಇಲ್ಲವ್ವಾ,” ಎಂದಳು ಮಗಳು, ಕೀಲಿ ತೆಗೆಯುತ್ತ. “ನಮ್ಮನಿ ಇದು. ಬಾ.”

“ಹಂಗ ಯಾರದರ ಮನ್ಯಾಗ ನುಗ್ಗಬಾರದು ಲೀಲಾ.”

“ನಮ್ಮದವ್ವಾ. ಅಪ್ಪ ಕಟ್ಟಿಸಿದ್ದು. ನೀನ ನೀರು ಹೊಡದಿ ಗೋಡಿಗೆ.”

ಕಸ್ತೂರಿ ನನ್ನ ಮುಖ ನೋಡಿದಳು. ಮಗಳು ಹಟ ಮಾಡುತ್ತಿದ್ದಾಳೆ, ನೀವಾದರೂ ಹೇಳಿ ಎನ್ನುವ ಮುಖ. ಶಿವಲೀಲಾ ಅವಳ ರಟ್ಟೆ ಹಿಡಿದು ಎಳೆದಳು. ಒಳಗೆ ಕಸ್ತೂರಿ ಖುರ್ಚಿಯ ಅಂಚಿನಲ್ಲಿ ಕೂತಳು. ಗೋಡೆಯ ಮೇಲಿದ್ದ ವಿರೂಪಾಕ್ಷನ ಫೋಟೋ ನೋಡಿ, ಇವರ ಮನೆಯಲ್ಲೂ ನಮ್ಮವರ ಫೋಟೋ ಇಟ್ಟಿದ್ದಾರಲ್ಲ, ಪರಿಚಯ ಇದ್ದೀತು ಎಂದಳು. ಹಸಿವಾಗಿದ್ದರೂ ಅಡುಗೆಮನೆಗೆ ಹೋಗಲಿಲ್ಲ. ಮಗಳನ್ನು ಅವಳು ಮರೆತಿರಲಿಲ್ಲ, ನನ್ನನ್ನೂ, ಸತ್ತ ಗಂಡನನ್ನೂ. ಮನೆಯೊಂದು ಮಾತ್ರ ಅವಳಿಂದ ಹೋಗಿತ್ತು. ತನಗೆ ಮನೆ ಇದೆ, ಇನ್ನೆಲ್ಲೋ ಇದೆ, ಅಲ್ಲಿಗೆ ಮುಟ್ಟಬೇಕು ಎಂಬುದಷ್ಟೇ ಅವಳ ತಲೆಯಲ್ಲಿತ್ತು. ಬೆಳಗಿನ ತನಕ ಖುರ್ಚಿಯಲ್ಲೇ ಕೂತಿರುತ್ತಾಳೆ ಎಂದಳು ಶಿವಲೀಲಾ. ಹೊರಗೆ ಬಂದ ಮೇಲೆ ಕಟ್ಟೆಯ ಮೇಲೆ ಕುಸಿದು, “ದಿನಾ ಜಗಳಾಡಿ ಒಳಗ ಕರಕೋಬೇಕ್ರಿ,” ಎಂದು ಅತ್ತಳು.

ಮರುದಿನ ಆಯುಕ್ತರಲ್ಲಿಗೆ ಹೋದೆ. ಪರವಾನಗಿಯನ್ನು ಇರ್ಫಾನನ ಹೆಸರಿಗೆ ಬದಲಾಯಿಸಬೇಕು ಎಂದೆ. ಅವರು ಕನ್ನಡಕ ತೆಗೆದಿಟ್ಟರು.

“ಇಂದುಮತಿಯವರೇ, ಹೆಸರು ಬದಲಾಯಿಸೋದು ಅಂದ್ರೆ ಹಳೇದು ರದ್ದಾಗಬೇಕು. ತಕರಾರು ಕರೆಯೋಕೆ ಎಂಟು ದಿನ. ಆ ಎಂಟು ದಿನ ಸೇವೆ ನಿಲ್ಲುತ್ತೆ. ಜೊತೆಗೆ ನಮ್ಮ ಮೂವತ್ತು ಇಪ್ಪತ್ತೊಂಬತ್ತಾಗುತ್ತೆ.”

“ಆಗಲಿ ಸರ್.”

“ಏಳನೇ ಕಾಲಂ ತುಂಬಿದ್ದು ನೀವೇ ಅಲ್ವಾ?” ಎಂದರು, ಸಿಟ್ಟಿಲ್ಲದೆ. ನಾನು ಹೌದೆಂದೆ. ಅವರು ಇನ್ನೇನೂ ಕೇಳದೆ ರುಜು ಹಾಕಿದರು.

ಇರ್ಫಾನ್ ಒಪ್ಪಿದ್ದ. ಸೋಮವಾರ ಬೆಳಿಗ್ಗೆ ಬೋರ್ಡು ಇಳಿಸಿದೆವು. ಅವನೇ ಏಣಿ ಹತ್ತಿ ಮೊಳೆ ಕಿತ್ತ. ಬೋರ್ಡು ನೆಲಕ್ಕೆ ತಾಗಿದಾಗ ಕಸ್ತೂರಿ ಒಮ್ಮೆ ತಲೆ ಒದರಿಕೊಂಡು, “ಗ್ಯಾಸ್ ಬಂದ್ ಮಾಡೀನೋ ಇಲ್ಲೋ,” ಎಂದಳು. ಆಮೇಲೆ ಯಾರಿಗೂ ಕಾಯದೆ ಓಡುತ್ತ ಹೋದಳು. ನಾನೂ ಶಿವಲೀಲಾನೂ ಹಿಂದೆ ಓಡಿದೆವು. ಹೋಗಿ ನೋಡಿದರೆ ಬಾಗಿಲು ತೆರೆದೇ ಇತ್ತು, ಅವಳು ಅಡುಗೆಮನೆಯ ನೆಲದ ಮೇಲೆ ಕಾಲು ಚಾಚಿ ಕೂತು ಡಬ್ಬಿಗಳ ಮುಚ್ಚಳ ಒಂದೊಂದೇ ತೆಗೆದು ನೋಡುತ್ತಿದ್ದಳು. ಬೇಳೆಗೆಲ್ಲ ಹುಳ ಬಿದ್ದಿದೆ ಎಂದು ಮಗಳನ್ನು ಬೈದಳು. ಶಿವಲೀಲಾ ಬೈಸಿಕೊಳ್ಳುತ್ತ ಬಾಗಿಲಿನ ಚೌಕಟ್ಟಿಗೆ ಒರಗಿ ನಿಂತಿದ್ದಳು. ಆ ಹುಡುಗಿ ನಗುವುದನ್ನು ನಾನು ಆಗಲೇ ಮೊದಲ ಸಲ ನೋಡಿದ್ದು.

ಶುಕ್ರವಾರದವರೆಗಿನ ಐದು ದಿನ ಕಸ್ತೂರಿ ಗೋಡೆಗೆ ಸುಣ್ಣ ಹಚ್ಚಿದಳು, ಗಾದಿ ಒಣಗಿಸಿದಳು, ರೊಟ್ಟಿ ಬಡಿದಳು. ಫೋನು ಮಾತ್ರ ಸುಮ್ಮನಿರಲಿಲ್ಲ. ಸೇವೆ ನಿಂತಿದ್ದರಿಂದ ಜನ ನೇರ ಅವಳಿಗೇ ಮಾಡುತ್ತಿದ್ದರು. ಅವಳು ರೊಟ್ಟಿ ಬಡಿಯುತ್ತಲೇ, ಹುಣಸಿಗಿಡ ದಾಟಿ ಬಲಕ್ಕೆ ಹೊರಳ್ರಿ ಎಂದು ಹೇಳುತ್ತಿದ್ದಳು. ಶನಿವಾರ ಮಧ್ಯಾಹ್ನ ಒಟ್ಟಿಗೆ ಎರಡು ಕರೆ ಬಂದವು. ಒಂದು ಹಳೇ ಊರಿನದು, ಮೆಟ್ಟಿಲಿನಿಂದ ಬಿದ್ದ ಮುದುಕಿ. ಕಸ್ತೂರಿ ಸೈಕಲ್ಲು ಹತ್ತಿ ಆಂಬುಲೆನ್ಸಿನ ಮುಂದೆ ಮುಂದೆ ತುಳಿಯುತ್ತ ಅದನ್ನು ಬಾಗಿಲಿಗೆ ಮುಟ್ಟಿಸಿದಳು. ಇನ್ನೊಂದು ಎರೆಹೊಲದ ಹೊಸ ಬಡಾವಣೆಯದು. ಬಟ್ಟೆ ಹೊಲಿಯುವ ಒಬ್ಬ ಹೆಣ್ಣುಮಗಳಿಗೆ ಹಿತ್ತಲಲ್ಲಿ ಹಾವು ಕಚ್ಚಿತ್ತು. ಫೋನಿನಲ್ಲಿ ಅವಳ ಗಂಡನಿಗೆ ತಾನಿರುವ ರಸ್ತೆಯ ಹೆಸರು ಸರಿಯಾಗಿ ಹೇಳಲು ಬರಲಿಲ್ಲ. ಅವರು ಊರಿಗೆ ಬಂದು ಎರಡೇ ತಿಂಗಳಾಗಿತ್ತು. ಗಾಡಿ ಅದೇ ಹೆಸರಿನ ಇನ್ನೊಂದು ಅಡ್ಡರಸ್ತೆಯಲ್ಲಿ ಮುಕ್ಕಾಲು ಗಂಟೆ ತಿರುಗಿತು. ಬಾಗಿಲಿಗೆ ಮುಟ್ಟುವಷ್ಟರಲ್ಲಿ ಅವಳು ತೀರಿಕೊಂಡಿದ್ದಳು.

ಕಸ್ತೂರಿ ಆ ಮನೆಗೆ ಹೋಗಿ ಬಂದಳು. ಬಂದವಳು ಕೈಕಾಲು ತೊಳೆದುಕೊಂಡು, ತನ್ನ ಕಟ್ಟೆಯ ಮೇಲೆ ಕೂತಳು. ಅರ್ಧ ಹೊಲಿದ ಕುಪ್ಪಸ ಮಶಿನ್ನಿನ ಮೇಲೆ ಹಾಗೇ ಇತ್ತು ಎಂದು ಹೇಳಿದಳು.

ಭಾನುವಾರ ಬೆಳಿಗ್ಗೆ ಇರ್ಫಾನ್ ಬಂದ. ನಾನೂ ಅಲ್ಲೇ ಇದ್ದೆ. ಒಳಗೆ ಕರೆದರೂ ಬರದೆ ಕಟ್ಟೆಯ ಕೆಳಗೇ ನಿಂತ.

“ಕಸ್ತೂರಕ್ಕ, ನನ್ನ ಕೈಲೆ ಆಗೂದಿಲ್ಲ,” ಎಂದ. “ಅಮ್ಮಿ ಬರ್ತೇನಂದಾರ. ಇಷ್ಟ ವರ್ಷ ತಂಗಿ ಮನ್ಯಾಗ ಇದ್ದರು. ಎರಡ ಖೋಲಿ ಹಿಡದೇನಿ. ನಿನ್ನೆ ಕಿಡಕಿಗೆ ಪರದೆ ಹಾಕಿದೆ. ನಾನು ಲಾಡ್ಜ್ ಅಂತ ತಿಳಕೊಂಡು ಹೂಂ ಅಂದಿದ್ದೆ ಅಕ್ಕಾ. ಬೇಕಾದರ ಹಗಲೂರಾತ್ರಿ ದುಡೀತೀನಿ. ಹೆಸರು ಮಾತ್ರ…”

“ಕೂಡೋ,” ಎಂದಳು ಕಸ್ತೂರಿ. “ಚಾ ಕುಡಿ. ಪರದೆ ಯಾವ ಬಣ್ಣದ್ದು ತಂದಿ?”

ಹಸಿರು ಎಂದ. ಅವನು ಹೋದ ಮೇಲೆ ಅವಳು ನನ್ನ ಕಡೆ ತಿರುಗಿ, ತನ್ನ ಹೆಸರನ್ನೇ ಮತ್ತೆ ಬರೆಯಲು ಹೇಳಿದಳು. ನಾನು ಬೇಡ ಎಂದೆ, ಬೇರೆ ಯಾರನ್ನಾದರೂ ಹುಡುಕೋಣ ಎಂದೆ. ಯಾರನ್ನು ಹುಡುಕುತ್ತೀರಿ, ಮನೆ ಬೇಡವಾದವರು ಯಾರಿದ್ದಾರೆ ಎಂದು ಕೇಳಿದಳು. ಆಗ ನನಗೆ ತಡೆಯಲಾಗಲಿಲ್ಲ. ಅವತ್ತು ಇರ್ಫಾನನ ಹೆಸರು ಬರೆಯದೆ ಪೆನ್ನು ಕೆಳಗಿಟ್ಟದ್ದು ಯಾಕೆ, ಮೂವತ್ತರ ಪಟ್ಟಿಯಲ್ಲಿ ಒಂದು ಕಡಿಮೆಯಿತ್ತು, ಮನೆ ಹೋಗುವುದಿಲ್ಲ ಎಂದು ಗೊತ್ತಿಲ್ಲದೆ ಹೇಳಿದೆ, ಎಲ್ಲವನ್ನೂ ಹೇಳಿದೆ. ಅವಳು ಬಟ್ಟಲು ಎತ್ತಿಡುತ್ತ ಕೇಳಿಸಿಕೊಂಡಳು.

“ನನಗ ಗೊತ್ತಿತ್ತರಿ,” ಎಂದಳು. “ಪಟ್ಟಿ ನಿಮ್ಮ ಮೇಜಿನ ಮ್ಯಾಲ ಇತ್ತು. ಇಪ್ಪತ್ತೊಂಬತ್ತರ ಕೆಳಗ ಗೆರಿ ಎಳದಿದ್ರಿ. ಹತ್ತು ವರ್ಷ ಪಾರ್ಸಲ್ ಹಂಚೇನಿ, ಉಲ್ಟಾ ಅಕ್ಷರ ಓದಾಕ ಬರ್ತೈತಿ.”

“ಮತ್ತ ಯಾಕ ರುಜು ಹಾಕಿದಿ?”

“ಖೋಲಿ ಲಗೂನ ಸಿಗತಾವ ಅಂದ್ರಲ್ಲ. ಆ ಒಂದು ವರ್ಷ ಕಾಯೂದು ನನ್ನ ಕೈಲಿ ಆಗತಿರಲಿಲ್ಲ.” ಬಟ್ಟಲು ಒರೆಸುತ್ತ, “ನಿಮ್ಮ ಮ್ಯಾಲ ನನಗ ಸಿಟ್ಟಿಲ್ಲ ಅಂತ ಹೇಳಂಗಿಲ್ಲರಿ. ಐತಿ. ಇರ್ಲಿ ಬಿಡ್ರಿ,” ಎಂದಳು.

ಶಿವಲೀಲಾ ಒಳಗಿನ ಬಾಗಿಲಲ್ಲಿ ನಿಂತಿದ್ದಳು. ಎಷ್ಟು ಹೊತ್ತಿನಿಂದ ನಿಂತಿದ್ದಳೋ. ಕಸ್ತೂರಿ ಅವಳನ್ನು ಹತ್ತಿರ ಕರೆದಳು.

“ನೀ ಬ್ಯಾಡ ಅಂದರ ನಾ ಬಿಟ್ಟಬಿಡತೇನಿ,” ಎಂದಳು. “ನಿನ್ನ ಮ್ಯಾಲ ಆಣಿ. ಮತ್ತ ಸೈಕಲ್ ತುಳೀತೇನಿ.”

ಹುಡುಗಿ ಲಂಗದ ನಿರಿಗೆಯನ್ನು ಬೆರಳಿಗೆ ಸುತ್ತಿ ಸುತ್ತಿ ಬಿಡುತ್ತಿದ್ದಳು. ಹಾವು ಕಚ್ಚಿದವಳಿಗೆ ಮಕ್ಕಳಿದ್ದಾರಾ ಎಂದು ಕೇಳಿದಳು. ಇದ್ದಾರೆ ಎಂದಳು ತಾಯಿ, ಒಬ್ಬಳು ನಿನ್ನದೇ ವಯಸ್ಸಿನವಳು. ಶಿವಲೀಲಾ ಎದ್ದು ಹಿತ್ತಲಿಗೆ ಹೋದಳು. ನೀರು ಸೇದುವ ಸದ್ದು ಕೇಳಿಸಿತು, ಬೇಕಾಗಿದ್ದಕ್ಕಿಂತ ಎಷ್ಟೋ ಹೆಚ್ಚು ಕೊಡ ಸೇದಿದಳು. ಬೇಡ ಎಂದು ಅವಳು ಹೇಳಲಿಲ್ಲ.

ಮಂಗಳವಾರ ಬೋರ್ಡು ಏರಿತು. ಅದಕ್ಕೆ ಮುಂಚೆ ತಾಯಿ ಮಗಳು ಇಬ್ಬರೇ ಮನೆಯಲ್ಲಿ ಏನು ಮಾತಾಡಿಕೊಂಡರೋ ನನಗೆ ತಿಳಿಯದು. ನಾನು ಹೋದಾಗ ಎಲ್ಲ ಡಬ್ಬಿಗಳ ಮೇಲೂ ಕಸ್ತೂರಿಯ ಅಕ್ಷರದಲ್ಲಿ ಚೀಟಿ ಅಂಟಿತ್ತು, ಯಾವುದರಲ್ಲಿ ಏನು, ಅಳತೆ ಎಷ್ಟು ಎಂದು. ಈ ಸಲ ಆಯುಕ್ತರು ಬರಲಿಲ್ಲ, ಟೇಪೂ ಇರಲಿಲ್ಲ. ಇರ್ಫಾನ್ ಮೊಳೆ ಹೊಡೆದ. ಏಳನೆಯ ಕಾಲಮಿನಲ್ಲಿ ‘ಮನೆ’ ಎಂದು ಕಸ್ತೂರಿ ತಾನೇ ಬರೆದಿದ್ದಳು. ನನ್ನ ಕೈಗೆ ಪೆನ್ನು ಕೊಡಲಿಲ್ಲ.

ಇದಾಗಿ ಎರಡು ವರ್ಷವಾಯಿತು. ಈಗ ‘ಮನೆಮುಟ್ಟ’ ಅಕ್ಕಪಕ್ಕದ ಮೂರು ಊರಿಗೆ ಹಬ್ಬಿದೆ. ಹೊಸ ಬಡಾವಣೆಯಲ್ಲಿ ಆಂಬುಲೆನ್ಸು ದಾರಿ ತಪ್ಪಿದ್ದರಿಂದ ಸತ್ತವರು ಯಾರೂ ಇಲ್ಲ. ನಾನು ಇನ್ನೂ ಅದೇ ಖುರ್ಚಿಯಲ್ಲಿದ್ದೇನೆ. ಅಂದಾಜು ಹೇಳುವುದನ್ನು ಬಿಟ್ಟಿದ್ದೇನೆ. ಯಾರಾದರೂ ಕೇಳಿದರೆ ನನಗೆ ಗೊತ್ತಿಲ್ಲ ಎನ್ನುತ್ತೇನೆ, ಅದಕ್ಕೆ ಬಹಳ ಜನ ಅರ್ಜಿ ಹಿಂದೆ ತೆಗೆದುಕೊಂಡು ಹೋಗುತ್ತಾರೆ, ಆಯುಕ್ತರಿಗೆ ನನ್ನ ಮೇಲೆ ಬೇಸರವಿದೆ. ಗುರುವಾರ ಸಂಜೆ ಶಿವಲೀಲಾಳ ಜೊತೆ ಹೋಗಿ ಕಸ್ತೂರಿಯನ್ನು ಕರೆತರುವುದು ನನ್ನ ಪಾಲಿನ ಕೆಲಸ. ಅದನ್ನು ಯಾರೂ ನನಗೆ ಒಪ್ಪಿಸಲಿಲ್ಲ, ಬೇಡವೆಂದೂ ಹೇಳಲಿಲ್ಲ.

ಕಳೆದ ಗುರುವಾರವೂ ಹೋಗಿದ್ದೆ. ನಲವತ್ತೊಂದರ ಎದುರು ಕಸ್ತೂರಿ ಚಪ್ಪಲಿ ಬಿಟ್ಟು, ಬಾಗಿಲು ತಟ್ಟಿ ಹಿಂದೆ ಸರಿದಳು. ಶಿವಲೀಲಾ ಈಗ ಜಗಳವಾಡುವುದಿಲ್ಲ. ಅವಳು ಹಿತ್ತಲ ಬಾಗಿಲಿನಿಂದ ಒಳಗೆ ಹೋಗಿ, ಮುಂಬಾಗಿಲು ತೆರೆದು, ಹೆಗಲ ಮೇಲೆ ಓಢಣಿ ಸರಿಮಾಡಿಕೊಂಡು ನಿಂತಳು.

“ಬರ್ರಿ, ಒಳಗ ಬರ್ರಿ,” ಎಂದಳು ತಾಯಿಗೆ. “ಬಿಸಲಾಗ ಬಂದೀರಿ. ನೀರು ಕುಡೀರಿ.”

ಕಸ್ತೂರಿ ಸಂಕೋಚದಿಂದ ಒಳಗೆ ಬಂದು ಖುರ್ಚಿಯ ಮೇಲೆ ಕೂತಳು, ನೀರು ಕುಡಿದು ತಂಬಿಗೆಯನ್ನು ಎರಡೂ ಕೈಯಲ್ಲಿ ಹಿಂದಿರುಗಿಸಿದಳು. ಹುಡುಗಿ ನಮ್ಮಿಬ್ಬರಿಗೂ ತಾಟು ಹಾಕಿದಳು. ರೊಟ್ಟಿ, ಪುಂಡಿಪಲ್ಯ, ಅನ್ನ, ಸಾರು. ಪಲ್ಯ ಚೆನ್ನಾಗಿತ್ತು. ಯಾರು ಮಾಡಿದ್ದು ಎಂದು ಕಸ್ತೂರಿ ಕೇಳಿದಳು, ನಾನೇ ಎಂದಳು ಶಿವಲೀಲಾ. ಕಸ್ತೂರಿ ಊಟ ಮಾಡುವುದನ್ನು ನಿಲ್ಲಿಸಿ, ಸುತ್ತ ಒಮ್ಮೆ ನೋಡಿ, ಯಾರಾದರೂ ಕೇಳಿಸಿಕೊಂಡಾರು ಎಂಬಂತೆ ದನಿ ಇಳಿಸಿ ಮಗಳನ್ನು ಕೇಳಿದಳು:

“ಈ ಮನ್ಯಾಗ ನಿನ್ನ ಚಲೋ ನೋಡ್ಕೋತಾರೇನವ್ವಾ?”

“ಹೂಂ,” ಎಂದಳು ಶಿವಲೀಲಾ. “ಭಾಳ ಚಲೋ ನೋಡ್ಕೋತಾರ. ಇನ್ನೊಂಚೂರು ಅನ್ನ ಹಾಕ್ಲಿ?”